ಗಾಳಿ ಪೈಪಿನ ಬಾಯಿ ಮುಚ್ಚಿದೆ

ವೆಂಟ್ ಪೈಪಿಗೆ ಮುಚ್ಚಳ ಹಾಕಿಸಿದ್ದು ನಾನೇ. ಟೆರೇಸಿಗೆ ಶೀಟು ಹೊದಿಸುವಾಗ ಮೂಲೆಯಲ್ಲಿ ನಿಂತಿದ್ದ ನಾಲ್ಕಿಂಚಿನ ಪಿವಿಸಿ ಪೈಪು ಅಡ್ಡ ಬಂತು. ಶೀಟು ಕೊರೆದು ಪೈಪನ್ನು ಮೇಲಕ್ಕೆತ್ತಬೇಕು, ಸುತ್ತ ಮಳೆನೀರು ಸೋರದಂತೆ ಬಿಗಿ ಮಾಡಬೇಕು ಎಂದ ಕೆಲಸದವನು. ನನಗದು ದಂಡದ ಖರ್ಚು ಎನಿಸಿತು. ಬಟ್ಟೆ ಒಣಗಿಸುವ ಜಾಗ, ಸಂಜೆ ಕೂರುವ ಜಾಗ, ಅಲ್ಲಿ ಈ ಪೈಪಿನ ನಾತ ಬೇರೆ. "ಕುಯ್ದು ಕ್ಯಾಪ್ ಹಾಕಪ್ಪ" ಎಂದೆ. ನೀರೇ ಹರಿಯದ ಪೈಪು ಇದ್ದರೇನು, ಹೋದರೇನು ಎನ್ನುವುದು ನನ್ನ ಲೆಕ್ಕ.

ಮೊದಲ ದೂರು ಬಂದದ್ದು ಕೆಳಗಿನ ಬಾಡಿಗೆ ಮನೆಯಿಂದ. "ಅಂಕಲ್, ನೀವು ಮೇಲೆ ಫ್ಲಶ್ ಮಾಡಿದಾಗೆಲ್ಲ ನಮ್ಮ ಬಚ್ಚಲು ಗುಳುಗುಳು ಅನ್ನುತ್ತೆ, ಆಮೇಲೆ ಒಂಥರಾ ವಾಸನೆ" ಎಂದಳು ಆ ಮನೆಯ ಹೆಣ್ಣುಮಗಳು. ರೋಗ ಯಾವುದು, ಯಾವಾಗ ಕೆಣಕುತ್ತದೆ, ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಕೇಳುವ ಕಿವಿ ನನಗಿರಲಿಲ್ಲ. ಕೂದಲು ಕಟ್ಟಿಕೊಂಡಿರುತ್ತೆ, ಜಾಲರಿ ತೆಗೆದು ತೊಳೀರಿ ಎಂದು ಉಪದೇಶ ಮಾಡಿ ಕಳಿಸಿದೆ. ಬಾಡಿಗೆಯವರು ಶುಚಿ ಇಲ್ಲ ಎಂದು ಮನೆಯಲ್ಲಿ ಗೊಣಗಿದ್ದೂ ಉಂಟು.

ನಮ್ಮ ವಾಷ್ ಬೇಸಿನ್ನಿನಿಂದಲೂ ನಾತ ಬಂದಾಗ ಎಚ್ಚರವಾಯಿತು. ಆಸಿಡ್ ಸುರಿದೆ, ನುಸಿಗುಳಿಗೆ ಹಾಕಿದೆ, ಹೊರಗಿನ ಛೇಂಬರ್ ತೆಗೆಸಿದೆ. ಛೇಂಬರಿನಲ್ಲಿ ನೀರು ಸರಾಗವಾಗಿ ಹರಿಯುತ್ತಿತ್ತು. ಅಲ್ಲಿಗಾದರೂ ಹೊಳೆಯಬೇಕಿತ್ತು. ಲೈನು ಎಲ್ಲೂ ಕಟ್ಟಿಲ್ಲ, ಆದರೂ ಗುಳುಗುಳು, ಆದರೂ ವಾಸನೆ ಎಂದರೆ ತೊಂದರೆ ನೀರಿನದಲ್ಲ, ಗಾಳಿಯದು.

ಕೊನೆಗೆ ಕರೆಸಿದ ವಯಸ್ಸಾದ ಪ್ಲಂಬರ್ ಗೇಟಿನ ಬಳಿಯೇ ನಿಂತು ತಲೆಯೆತ್ತಿ ನೋಡಿದರು. "ಗಾಳಿ ಪೈಪ್ ಎಲ್ಲಿ ಸಾರ್?" ನಾನು ಮಾಡಿದ್ದನ್ನು ಹೇಳಿದೆ. "ಎಣ್ಣೆ ಟಿನ್ನಿಗೆ ಒಂದೇ ತೂತು ಹಾಕಿ ಬಗ್ಗಿಸಿದ್ರೆ ಏನಾಗುತ್ತೆ ಸಾರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಏಣಿ ಹುಡುಕಲು ಹೋದರು.

ಕಮೋಡು, ಬೇಸಿನ್ನು, ಬಚ್ಚಲ ನೆಲದ ನಹಾನಿ ಟ್ರ್ಯಾಪು, ಎಲ್ಲದರ ಬಾಗಿನಲ್ಲೂ ಸ್ವಲ್ಪ ನೀರು ನಿಂತಿರುತ್ತದೆ. ಒಳ್ಳೆಯ ಟ್ರ್ಯಾಪಿನಲ್ಲಿ ಅದು 50 ಮಿಲಿಮೀಟರ್ ಆಳವಾದರೂ ಇರಬೇಕು. ಚರಂಡಿಯ ಗ್ಯಾಸು ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೊಂದೇ. ಫ್ಲಶ್ಶಿನ ನೀರು ಒಮ್ಮೆಲೇ ಪೈಪು ತುಂಬಿ ಇಳಿಯುವಾಗ ಹಿಂದಿನಿಂದ ಗಾಳಿಯನ್ನು ಎಳೆಯುತ್ತದೆ. ಟೆರೇಸಿನ ಬಾಯಿ ತೆರೆದಿದ್ದರೆ ಗಾಳಿ ಅಲ್ಲಿಂದ ಬರುತ್ತದೆ. ಮುಚ್ಚಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನೇ ಸೀಳಿಕೊಂಡು ನುಗ್ಗುತ್ತದೆ. ಆ ಸದ್ದೇ ಗುಳುಗುಳು. ನೀರು ಖಾಲಿಯಾದ ಟ್ರ್ಯಾಪು ಬರೀ ತೂತು.

ಪ್ಲಂಬರ್ ಮಾಡಿದ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ನಹಾನಿ ಟ್ರ್ಯಾಪಿಗೆ ಒಂದು ಚೊಂಬು ನೀರು ಹಾಕಿ, ಜಾಲರಿ ಎತ್ತಿ, ಟಾರ್ಚ್ ಬಿಟ್ಟು ನೋಡುತ್ತಾ ಮೇಲೆ ಫ್ಲಶ್ ಮಾಡಿಸಿದರು. ನೀರು ಕುಣಿದು ಕೆಳಗಿಳಿಯಿತು. ಕ್ಯಾಪ್ ಕುಯ್ದು ತೆಗೆದು ಮತ್ತೆ ಮಾಡಿಸಿದರು, ಅಲುಗಿತಷ್ಟೇ, ಇಳಿಯಲಿಲ್ಲ. ಬೇಸಿಗೆಯಲ್ಲಿ ಬಳಸದ ಬಚ್ಚಲಿನ ಟ್ರ್ಯಾಪು ತಾನಾಗಿ ಒಣಗುವುದೂ ಉಂಟು. ಆಗ ಒಂದು ಚೊಂಬು ನೀರು ಹಾಕಿದರೆ ವಾಸನೆ ಹೋಗಿ ಬಹುದಿನ ಬರುವುದಿಲ್ಲ. ಮುಂದಿನ ಫ್ಲಶ್ಶಿಗೇ ಮರಳಿ ಬಂದರೆ ವೆಂಟ್ ನೋಡಬೇಕು. ಪೈಪು ಮೇಲೆ ಸರಿಯಾಗಿ ನಿಂತಿದ್ದರೂ ಒಳಗೆ ಎಲೆ, ಹಕ್ಕಿಗೂಡು, ಪ್ಲಾಸ್ಟರಿಂಗ್ ಕಾಲದ ಸಿಮೆಂಟ್ ಗಟ್ಟಿ ಸಿಕ್ಕಿಕೊಂಡಿರಬಹುದು. ಬೆಂಕಿಕಡ್ಡಿ ಗೀರಿ ಮಾತ್ರ ಇಣುಕಬೇಡಿ. ಚರಂಡಿ ಗ್ಯಾಸಿನಲ್ಲಿ ಮಿಥೇನ್ ಇರುತ್ತದೆ. ವಾಸನೆ ತಾನಾಗಿ ಕಡಿಮೆಯಾಯಿತೆಂದು ಸಮಾಧಾನಪಡುವುದೂ ಬೇಡ. ಹೈಡ್ರೋಜನ್ ಸಲ್ಫೈಡ್ ಮೂಗನ್ನೇ ಮಂಕಾಗಿಸುತ್ತದೆ.

ಶೀಟು ಕೊರೆಯದೆ ಕೆಲಸ ಮುಗಿಸಲು ನಾನು ಮತ್ತೊಮ್ಮೆ ಪ್ರಯತ್ನಿಸಿದೆ. ಗಾಳಿಯನ್ನು ಒಳಕ್ಕಷ್ಟೇ ಬಿಡುವ ವಾಲ್ವ್ ಸಿಗುತ್ತದಂತಲ್ಲ, ಕ್ಯಾಪಿನ ಜಾಗದಲ್ಲಿ ಅದನ್ನೇ ಕೂರಿಸಿ ಎಂದೆ. ಅದು ಗಾಳಿ ಎಳೆದುಕೊಳ್ಳುತ್ತೆ, ಒಳಗಿನ ಒತ್ತಡ ಹೊರಗೆ ಬಿಡಲ್ಲ, ಮನೆಗೆ ಒಂದಾದರೂ ಪೈಪು ಆಕಾಶಕ್ಕೆ ತೆರೆದಿರಲೇಬೇಕು ಎಂದರು. ಶೀಟು ಕೊರೆದೆವು. ಪೈಪು ಶೀಟಿನಿಂದಾಚೆ ತಲೆಮಟ್ಟಕ್ಕೂ ಮೇಲೆ ಹೋಯಿತು, ತುದಿಗೆ ಕೌಲ್, ಒಳಗೆ ಸೊಳ್ಳೆ ಜಾಲರಿ. ವಾಸನೆ ಹೋಯಿತು.

ಅಷ್ಟು ಹೊತ್ತಿಗೆ ಕೆಳಗಿನವರು ಮನೆ ಖಾಲಿ ಮಾಡಿದ್ದರು. ಅವರಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ನಕ್ಕರು, ವಾಪಸ್ ಬರಲಿಲ್ಲ.

ಟೆರೇಸಿಗೆ ಶೀಟು ಹೊದಿಸಿರುವವರು, ಮೇಲೊಂದು ಕೋಣೆ ಎಬ್ಬಿಸಿರುವವರು ಇವತ್ತೇ ಒಮ್ಮೆ ಹತ್ತಿ ಆ ಪೈಪು ಎಲ್ಲಿ ಮುಗಿಯುತ್ತದೆ ನೋಡಿ.