ಮಂಡಿಗೆ ಆಪರೇಷನ್, ಮೂಳೆಗೇಕೆ ಪಿನ್ನು?

ಮಂಡಿನೋವಿಲ್ಲದ ಹಿರಿಯರು ನಿಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದಾರೆ, ಹೇಳಿ ನೋಡೋಣ! ಮಂಡಿ ಬದಲಿಸುವ ಆಪರೇಷನ್ ಈಗ ನಮ್ಮಂಥ ಸಣ್ಣ ಊರಿನವರಿಗೂ ಹೊಸದಲ್ಲ. ಆದರೆ "ಕಂಪ್ಯೂಟರ್ ಸಹಾಯದಿಂದ ಮಾಡ್ತೀವಿ" ಅಂದರೆ ಏನು ಎಂದು ಬಿಡಿಸಿ ಹೇಳುವವರು ಕಡಿಮೆ.

ನಮ್ಮ ಅತ್ತೆಯವರಿಗೆ ಹೋದ ವರ್ಷ ಈ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮಂಡಿಯ ಉದ್ದನೆಯ ಹೊಲಿಗೆಯ ಕಡೆ ಅವರು ನೋಡಲೇ ಇಲ್ಲ. ಅದರ ಕೆಳಗೆ, ಮುಂಗಾಲಿನ ಮೇಲೆ, ಎರಡು ಪುಟ್ಟ ಗಾಯ. "ಇಲ್ಯಾಕೆ ತೂತು ಹೊಡೆದಿದಾರೆ? ನನ್ನ ಹತ್ರ ಏನೋ ಮುಚ್ಚಿಡ್ತಿದೀಯ ನೀನು" ಎಂದು ಅಳುವುದಕ್ಕೇ ಶುರುಮಾಡಿದರು. ಎರಡು ದಿನ ಕಾಲು ನೆಲಕ್ಕೆ ಊರಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಬಂದು ಬಂದು ವಾಪಸು ಹೋದಳು. ಮೊದಲೇ ಒಂದು ಮಾತು ಹೇಳಿದ್ದರೆ ಆಸ್ಪತ್ರೆಯವರ ಗಂಟೇನು ಹೋಗುತ್ತಿತ್ತು?

ಡಾಕ್ಟರನ್ನು ತಡೆದು ನಿಲ್ಲಿಸಿ ಕೇಳಿದೆ. ತೊಡೆಯ ಮೂಳೆಗೂ ಮಂಡಿಯ ಕೆಳಗಿನ ಮೂಳೆಗೂ ಸಾಮಾನ್ಯವಾಗಿ ಎರಡೆರಡು ಪಿನ್ನುಗಳನ್ನು ತಿರುಪಿ ಕೂಡಿಸುತ್ತಾರಂತೆ. ಒಂದೊಂದೂ 3-4 ಮಿ.ಮೀ. ದಪ್ಪ. ಅವುಗಳ ತುದಿಗೆ ಗೋಲಿಯಂಥ ಹೊಳೆಯುವ ಗುಂಡುಗಳಿರುವ ಚೌಕಟ್ಟು. ಕ್ಯಾಮೆರಾ ಕಣ್ಣಿಗೆ ಕಾಣದ ಬೆಳಕು ಬಿಟ್ಟು ಆ ಗುಂಡುಗಳನ್ನೇ ನೋಡುತ್ತಿರುತ್ತದೆ. ಡಾಕ್ಟರು ಕಾಲನ್ನು ಸುತ್ತ ತಿರುಗಿಸಿದಾಗ, ಸೊಂಟದ ಕೀಲಿನ ನಡುಬಿಂದು ಎಲ್ಲಿದೆಯೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಲ್ಲಿಂದ ಪಾದದ ಗಂಟಿನವರೆಗಿನ ಗೆರೆ ನೋಡಿಕೊಂಡು ಮೂಳೆ ಕತ್ತರಿಸುವುದು. 1997ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಮೊದಲು ಹೀಗೆ ಮಾಡಿದರಂತೆ.

"ಚರ್ಮದ ಮೇಲೇ ಅಂಟಿಸಿದರಾಗದೇ?" ಎಂದೆ. ಚರ್ಮ ಜರುಗುತ್ತದೆ, ಮೂಳೆ ಜರುಗುವುದಿಲ್ಲ. ಬ್ಲೌಸ್ ಕತ್ತರಿಸುವಾಗ ಗುಂಡುಪಿನ್ನು ಸಡಿಲವಾದರೆ ಬಟ್ಟೆ ಓರೆಯಾಗುವುದಿಲ್ಲವೇ? ಅಲ್ಲೂ ಹಾಗೇ. ಚೌಕಟ್ಟು ಒಂದಿಷ್ಟು ಅಲುಗಿದರೂ ಲೆಕ್ಕವೆಲ್ಲ ತಪ್ಪು. ಕೆಲಸ ಮುಗಿದ ಮೇಲೆ ಪಿನ್ನುಗಳನ್ನು ತೆಗೆದುಬಿಡುತ್ತಾರೆ. ಒಳಗೆ ಉಳಿಯುವುದಿಲ್ಲ. ಇದನ್ನು ಕೇಳಿದ ಮೇಲೇ ಅತ್ತೆಯವರು ಎದ್ದು ನಿಂತದ್ದು!

ಕಂಪ್ಯೂಟರ್ ಇಲ್ಲದೆ ಮಾಡಿದ ಮಂಡಿಯೂ ಚೆನ್ನಾಗಿಯೇ ನಡೆಸುತ್ತದೆ ಅನ್ನಿ. ನಮ್ಮ ಪಕ್ಕದ ಮನೆಯವರೇ ಸಾಕ್ಷಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಂಪ್ಯೂಟರಿನದೇ ಗೊತ್ತಾಗಿದ್ದರೆ, ಪಿನ್ನು ಎಲ್ಲೆಲ್ಲಿ, ಎಷ್ಟು ಎಂದು ಮೊದಲೇ ಕೇಳಿ, ಆಪರೇಷನ್ ಮಾಡಿಸಿಕೊಳ್ಳುವವರ ಎದುರಿಗೇ. ಆಮೇಲೆ ಆ ಜಾಗ ಕೆಂಪಾದರೆ, ಕೀವಾದರೆ ತಡಮಾಡಬೇಡಿ. ವಾರಗಳು ಕಳೆದ ಮೇಲೆ ತೊಡೆಯೋ ಮುಂಗಾಲೋ ಹೊಸದಾಗಿ ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಅಪರೂಪಕ್ಕೆ ಪಿನ್ನಿನ ತೂತಿನ ಹತ್ತಿರ ಮೂಳೆ ಬಿರುಕು ಬಿಡುವುದುಂಟು, ಎಕ್ಸ್‌ರೇ ತೆಗೆಸಲೇಬೇಕು.

ನಮ್ಮ ಅತ್ತೆಯವರ ಕಾಲಿನಲ್ಲಿ ಈಗ ಒಗ್ಗರಣೆ ಸಿಡಿದಷ್ಟು ಎರಡು ಕಲೆ ಉಳಿದಿವೆ, ಅಷ್ಟೆ.