ಸಪ್ಪಳ ಎಲ್ಲಿಂದ ಬರ್ಲಿಕತ್ತದ?

ನಮ್ಮ ಸೇಡಂ ಸೀಮೆಯ ಮಂದಿಗೆ ಕಿವಿ ಬಹಳ ಚುರುಕು. ಕಾರಣ ಸಂಗೀತವಲ್ಲ, ಹೊಟ್ಟೆಪಾಡು. ಶಹಾಬಾದದ ಪರಸಿ ಖಣಿಯಲ್ಲಿ ದುಡಿದವರು ಹಾಸುಗಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಖಣ್ ಎಂದರೆ ಕಲ್ಲು ಗಟ್ಟಿ, ಬದ್ ಎಂದರೆ ಒಳಗೆ ಬಿರುಕು. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಹಳಿ ಬಿದ್ದಿತ್ತು. ಗಾಡಿ ನಿಂತಾಗ ಉದ್ದ ಹಿಡಿಕೆಯ ಸುತ್ತಿಗೆಯಿಂದ ಗಾಲಿಗಾಲಿಗೂ ಬಡಿದು, ಕಿವಿಗೊಟ್ಟು ಮುಂದೆ ಹೋಗುವವರನ್ನು ಸಣ್ಣವರಿದ್ದಾಗ ಬಾಯಿ ತೆರೆದು ನೋಡುತ್ತಿದ್ದೆವು. ಸಿಮೆಂಟ್ ಫ್ಯಾಕ್ಟರಿಯವರಂತೂ ಮಷೀನು ಓಡುವಾಗ ನಿದ್ದೆ ಹೊಡೆದು, ನಿಂತರೆ ಎಚ್ಚರಾಗುವವರು. ಇಂಥ ಸೀಮೆಯಲ್ಲಿ ನಮ್ಮ ಮಾರುತಿ 800 ಟಕ್ ಟಕ್ ಅನ್ನತೊಡಗಿದಾಗ ರೋಗ ಹೇಳುವವರಿಗೇನೂ ಕೊರತೆಯಾಗಲಿಲ್ಲ.

1983ರ ಡಿಸೆಂಬರಿನಲ್ಲಿ ದೇಶದ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಮಾದರಿ ಅದು. ಮೂರು ಸಿಲಿಂಡರು, 796 ಸಿಸಿ. ಮಾಡಿದವರು ನಾಲ್ಕು ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಚಿತ್ತಾಪುರದ ನಾಗಾವಿ ಯಲ್ಲಮ್ಮನ ಜಾತ್ರೆಗೆ ಹೊರಟಾಗ ನಾವು ಎಣಿಸುತ್ತಿರಲಿಲ್ಲ.

ಒಬ್ಬೊಬ್ಬರಿಗೂ ಅವರವರ ಕೆಲಸವೇ ಕೇಳಿಸಿತು. ಫ್ಯಾಕ್ಟರಿಯಿಂದ ನಿವೃತ್ತನಾದ ಕಾಕಾ, "ಬೇರಿಂಗ್ ಹೋಗ್ಯಾದ" ಎಂದ. ರೈಲ್ವೆಯಲ್ಲಿದ್ದ ಭಾವ ಗಾಲಿಯನ್ನೇ ಬಡಿದು ನೋಡಿದರು. ಟೈರು ಏನು ಉತ್ತರ ಕೊಟ್ಟೀತು? ಚಿಂಚೋಳಿಯ ಮಾವ, "ಪೆಟ್ರೋಲಿನಾಗ ಘಾಸಲೇಟ ಎಣ್ಣಿ ಕೂಡ್ಯದ" ಎಂದು ತೀರ್ಪು ಕೊಟ್ಟ. ಅವನ ಮಾತು ತೀರ ಬುಡವಿಲ್ಲದ್ದಲ್ಲ. ಕಲಬೆರಕೆ ಪೆಟ್ರೋಲು ಸಿಲಿಂಡರಿನೊಳಗೆ ಹೊತ್ತಿಗೆ ಮುಂಚೆ ಹೊತ್ತಿ ಪಿಸ್ಟನ್ನಿಗೆ ಗುದ್ದುತ್ತದೆ. ಏರು ಹತ್ತುವಾಗ ಅದು ಕೇಳಿಸುತ್ತದೆ. ನಮ್ಮ ಗಾಡಿ ಏರು ಇಳಿವು ನೋಡದೆ ಕುಟ್ಟುತ್ತಿತ್ತು.

"ಮೊದಲ ಡಿಕ್ಕಿ ಖಾಲಿ ಮಾಡ್ರಿ" ಎಂದಳು ಅವ್ವ. ಜಾಕು, ಪಾನಾ, ಇಳಿಜಾರಿನಲ್ಲಿ ಗಾಲಿಗೆ ಇಡುವ ಪರಸಿ ತುಂಡು, ಒಂದು ತಾಮ್ರದ ತಂಬಿಗೆ, ತೊಗರಿಬೇಳೆ ಚೀಲ ಎಲ್ಲ ಹೊರಬಿದ್ದವು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದ ಮೇಲೆ ಆ ಚೀಲದ ಮೇಲೆ ಅನುಮಾನಪಡುವ ಧೈರ್ಯ ಯಾರಿಗೂ ಇರಲಿಲ್ಲ, ಆದರೂ ಇಳಿಸಿದೆವು. ಡಿಕ್ಕಿ ಖಾಲಿಯಾದ ಮೇಲೆ ಸಪ್ಪಳ ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಕೊನೆಗೆ ಉಸ್ತಾದನ ಗ್ಯಾರೇಜು. ಆತ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ. "ಇಂಜಿನ್ ಪಾಪ, ಏನೂ ಮಾಡಿಲ್ಲ. ನಡೀರಿ ಮಾಸ್ತರೇ, ಓಡಿಸಿ ನೋಡೂಣು."

ಮಳಖೇಡದ ಕಡೆ ಹೊರಟೆವು. ಅಪ್ಪ ಇತಿಹಾಸದ ಮಾಸ್ತರ. ಮಳಖೇಡ ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ಆಳಿದ ಊರು. ಒಂದೊಂದು ತಗ್ಗಿಗೆ ಒಂದೊಂದು ಪಾಠ ಶುರುವಾಯಿತು. ಉಸ್ತಾದ ತಾಳಿಕೊಂಡು ತಾಳಿಕೊಂಡು, "ಮಾಸ್ತರೇ, ಕಾಗಿಣಾ ಹೊಳಿ ಬರೂತನಕ ಸುಮ್ಮ ಕುಂದರ್ರಿ, ಗಾಡಿ ಏನ ಹೇಳ್ತದ ಕೇಳಬೇಕು" ಎಂದ. ಅಪ್ಪನನ್ನು ಹೀಗೆ ಕೂರಿಸಿದ್ದು ಅವನೊಬ್ಬನೇ.

ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಾಯಿ ಬಿಡುತ್ತದೆ; ಮೇಲೆ ಸಿಮೆಂಟ್ ಲಾರಿಗಳ ಭಾರ. ಡಾಂಬರು ಎಷ್ಟೆಂದು ತಡೆದೀತು? ಹಪ್ಪಳದಂತೆ ಅಲೆಅಲೆಯಾಗುತ್ತದೆ. ಆ ಅಲೆಗಳ ಮೇಲೆ ನಿಧಾನ ಹೋದಾಗ ಟಕ್ ಟಕ್. ಬ್ರೇಕ್ ತುಳಿದರೂ ಅದು ನಿಲ್ಲಲಿಲ್ಲ, ಹೀಗಾಗಿ ಬ್ರೇಕಿನದಲ್ಲ. ಸ್ಟೇರಿಂಗ್ ಪೂರಾ ತಿರುಗಿಸಿ ಸುತ್ತು ಹಾಕಿದರೂ ಕಟಕಟ ಇಲ್ಲ; ಆಕ್ಸಲ್ ಜಾಯಿಂಟೂ ಪಾರು. ಗ್ಯಾರೇಜಿಗೆ ಮರಳಿ, ಎಡಗಡೆಯ ಮುಂದಿನ ಗಾಲಿ ಎತ್ತಿ, ಟೈರಿನ ಕೆಳಗೆ ಹಾರೆ ಕೊಟ್ಟು ಮೀಟಿದ. ಟಕ್. ಲೋವರ್ ಆರ್ಮಿನ ಬಾಲ್ ಜಾಯಿಂಟ್! ಬಟ್ಟಲಿನೊಳಗೆ ತಿರುಗುವ ಉಕ್ಕಿನ ಗುಂಡು ಅದು. ಮೇಲಿನ ರಬ್ಬರ್ ಹರಿದು, ಧೂಳು ಹೊಕ್ಕು, ಗ್ರೀಸ್ ಒಣಗಿ, ಗುಂಡು ಸವೆದಿತ್ತು. "ಪರಸಿ ಧೂಳು, ಸಿಮೆಂಟ್ ಧೂಳು, ಎಲ್ಲಾ ನಮ್ಮೂರಿಂದೇ ರೀ" ಎಂದ, ಹೆಮ್ಮೆಯೋ ಬೇಸರವೋ ತಿಳಿಯದ ದನಿಯಲ್ಲಿ.

ಈಗ ಅವನ ಮಗ ಸ್ಕ್ಯಾನರ್ ತಂದಿದ್ದಾನೆ. ಹೊಸ ಗಾಡಿಗೆ ವಯರ್ ಚುಚ್ಚಿದರೆ ಸೆನ್ಸರುಗಳ ದೂರೆಲ್ಲ ಪರದೆಗೆ ಬರುತ್ತದೆ. ಬಾಲ್ ಜಾಯಿಂಟಿಗೆ ಸೆನ್ಸರ್ ಇಲ್ಲ, ಹೀಗಾಗಿ ಅದು ದೂರು ಕೊಡುವುದಿಲ್ಲ; ಬರೀ ಸಪ್ಪಳ ಮಾಡುತ್ತದೆ. ಆಗ ಮಗ ಅಪ್ಪನನ್ನು ಕರೆಯುತ್ತಾನೆ. ಉಸ್ತಾದನಿಗೆ ಬಲಗಿವಿ ಮಂದವಾಗಿದೆ. ಈಗ ಸ್ಕ್ರೂಡ್ರೈವರನ್ನು ಎಡಗಿವಿಗೆ ಹಿಡಿಯುತ್ತಾನೆ.

ಜಾಯಿಂಟ್ ಬದಲಿಸಿದ ಮೇಲೆ ನಮ್ಮ ಗಾಡಿ ಗಪ್ಪಾಯಿತು. ಚಿಂಚೋಳಿಯ ಚಂದ್ರಂಪಳ್ಳಿ ಡ್ಯಾಮಿನವರೆಗೂ ಹೋಗಿ ಬಂದರೂ ತುಟಿ ಬಿಚ್ಚಲಿಲ್ಲ. ತೊಂದರೆ ಶುರುವಾದದ್ದು ಮನೆಯಲ್ಲಿ. ಓಣಿಯ ಬಾಯಿಗೆ ಟಕ್ ಟಕ್ ಕೇಳಿದೊಡನೆ ಅವ್ವ ಹಂಚಿಗೆ ರೊಟ್ಟಿ ಹಾಕುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ಅದು ಉಬ್ಬಿರುತ್ತಿತ್ತು. ಗ್ಯಾರೇಜಿಗೆ ರೋಗವಾದದ್ದು ಅಡುಗೆಮನೆಗೆ ಸುದ್ದಿಯಾಗಿತ್ತು. ಈಗ ಅಪ್ಪ ಬಂದು ಖಾಲಿ ತಾಟಿನ ಮುಂದೆ ಕುಳಿತು ಗೊಣಗತೊಡಗಿದರು. ಕಡೆಗೆ ಓಣಿ ತಿರುವಿನಿಂದಲೇ ಹಾರ್ನ್ ಬಾರಿಸಿಕೊಂಡು ಬರುವ ರೂಢಿ ಹಾಕಿಕೊಂಡರು. ಅವ್ವ ಹಿಟ್ಟು ತಟ್ಟುತ್ತಲೇ ಹೇಳಿದಳು:

"ಸಪ್ಪಳ ತೆಗಸ್ಲಾಕ ರೊಕ್ಕಾ ಕೊಟ್ಟು ಬಂದ್ರಿ. ಈಗ ನೀವೇ ಸಪ್ಪಳ ಮಾಡ್ಕೋತ ಬರ್ತೀರಿ."