ಸಂಡೇ ಬಜಾರಿನಲ್ಲಿ ಒಂದು ಟೇಪ್‌ರೆಕಾರ್ಡರ್!

2009ರ ಒಂದು ಭಾನುವಾರ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದಾಗ ಬೆಳಿಗ್ಗೆ ಏಳು ಗಂಟೆ. ಕೆಂಪೇಗೌಡ ರಸ್ತೆಯ ಕಟೌಟುಗಳಿಗೆ ಒಂದು ಸಲಾಮು ಹೊಡೆದು, ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಅವೆನ್ಯೂ ರಸ್ತೆಗೆ ಹೊರಳಿದೆ. ಅಂಗಡಿಗಳ ಬಾಗಿಲು ಮುಚ್ಚಿವೆ, ಆದರೆ ಕಾಲಿಡಲು ಜಾಗವಿಲ್ಲ! ಅಲ್ಲಿಂದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆವರೆಗೂ ಫುಟ್‌ಪಾತ್ ಮೇಲೆ ಹಳೇ ಗಡಿಯಾರ, ಶೂ, ಸ್ಪೀಕರು, ರೇಡಿಯೋ... ಇದೇ ಸಂಡೇ ಬಜಾರು.

ನನಗೆ ಬೇಕಿದ್ದದ್ದು ಟೇಪ್‌ರೆಕಾರ್ಡರ್. ಮನೆಯಲ್ಲಿ ಒಂದು ಕ್ಯಾಸೆಟ್ಟಿತ್ತು. 1986ರ ಊರ ಹಬ್ಬದಲ್ಲಿ ಅಪ್ಪ ಕೃಷ್ಣನ ವೇಷ ಕಟ್ಟಿದ್ದ ‘ಕುರುಕ್ಷೇತ್ರ’ ನಾಟಕ. ಅಪ್ಪ ತೀರಿಕೊಂಡ ಮೇಲೆ ಅವರ ದನಿ ಉಳಿದಿದ್ದು ಅದರಲ್ಲೊಂದೇ.

“ಅಣ್ಣಾ, ಡಾಕ್ಟ್ರ ಮನೆ ಮಾಲು. ಒಂದೇ ಕೈ. ಬೆಣ್ಣೆ ಬೆಣ್ಣೆ!” ಎಂದ ಮಾರುವವ. ಸೆಲ್ ಹಾಕಿ ಗುಂಡಿ ತಿರುಗಿಸಿದ. ರೇಡಿಯೋ ಜೋರಾಗಿ ಹಾಡಿತು. ಒಂಬೈನೂರು ಎಣಿಸಿ ಕೊಟ್ಟೆ.

ಗೆಳೆಯರೇ, ಅವನು ಸುಳ್ಳು ಹೇಳಲಿಲ್ಲ. ಹಾಡುತ್ತೆ ಅಂದ, ಹಾಡಿತು. ಹಾಡಿದ್ದು ರೇಡಿಯೋ. ಟೇಪೂ ಹಾಡುತ್ತೆ ಅಂದುಕೊಂಡದ್ದು ನಾನು!

ರಾತ್ರಿ ಅಪ್ಪನ ಕ್ಯಾಸೆಟ್ ಹಾಕಿದೆ. ಕಂದಪದ್ಯ ಶುರುವಾಯ್ತು, ಮೈ ಜುಂ ಅಂತು. ಅಷ್ಟರಲ್ಲಿ ದನಿ ಗೊಗ್ಗರಾಗಿ ನಿಂತೇಹೋಯ್ತು. ಒಳಗೆ ನೋಡಿದರೆ ಟೇಪು ರಬ್ಬರ್ ಗಾಲಿಗೆ ಸುತ್ತಿಕೊಂಡು ಮುದ್ದೆಯಾಗಿತ್ತು. ಗಾಲಿ ಕಲ್ಲಾಗಿತ್ತು, ಸುರುಳಿ ಎಳೆಯುವ ಬೆಲ್ಟು ಸಡಿಲ.

ಮುಂದಿನ ಭಾನುವಾರ ಜಗಳಕ್ಕೆಂದೇ ಹೋದೆ. ಅವನ ಜಾಗದಲ್ಲಿ ಇನ್ಯಾರೋ ಶೂ ಮಾರುತ್ತಿದ್ದ. ಪಕ್ಕದಲ್ಲಿ ಒಬ್ಬ ಅಜ್ಜ, ಮುಂದೆ ಧೂಳು ಹಿಡಿದ ಟೇಪ್‌ರೆಕಾರ್ಡರ್.

“ಹೆಂಗಿದೆ ಅಜ್ಜಾ?”

“ರೇಡಿಯೋ ಬರ್ತದೆ. ಟೇಪು ಹಾಕಿ ನೋಡಿಲ್ಲ ಮಗಾ, ನಂಗೊತ್ತಿಲ್ಲ.”

ಆ ಬಜಾರಿನಲ್ಲಿ ನಾನು ಕೇಳಿದ ಮೊದಲ ನಂಬುವ ಮಾತು ಅದು! ಆದರೂ ಈ ಸಲ ಸೆಲ್ಲು ನನ್ನದೇ, ಕ್ಯಾಸೆಟ್ಟೂ ನನ್ನದೇ. ಹೋದರೂ ಚಿಂತೆಯಿಲ್ಲದ ‘ಬಂಗಾರದ ಮನುಷ್ಯ’. ಪಿ.ಬಿ. ಶ್ರೀನಿವಾಸ್ ದನಿ ನನಗೆ ಬಾಯಿಪಾಠ, ವೇಗ ಒಂದು ಕೂದಲು ತಪ್ಪಿದರೂ ಗೊತ್ತಾಗುತ್ತೆ. ಸೆಲ್ ಹಾಕುವ ಜಾಗದಲ್ಲಿ ಹಸಿರು ಕಿಲುಬಿದೆಯೇ ನೋಡಿದೆ. ಮುಂದಕ್ಕೆ, ಹಿಂದಕ್ಕೆ ಓಡಿಸಿದೆ. ಒಂದು ಹಾಡು ಪೂರ್ತಿ ಕೇಳಿದೆ. ದನಿ ಸ್ವಲ್ಪ ಎಳೆಯುತ್ತಿತ್ತು. “ಬೆಲ್ಟಿರಬೇಕು. ನಾನೂರು ಕೊಡು” ಎಂದ ಅಜ್ಜ. ಸೋಮವಾರ ಎಸ್.ಪಿ. ರಸ್ತೆಯಲ್ಲಿ ಹೊಸ ಬೆಲ್ಟು ಹಾಕಿಸಿದೆ, ಸರಿಹೋಯ್ತು.

ಅಪ್ಪನ ಕ್ಯಾಸೆಟ್ಟಿನಲ್ಲಿ ನುಜ್ಜಾದ ಒಂದು ಗೇಣು ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದೆ. ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಅಂದರೆ ಅಪ್ಪನ ದನಿಯಲ್ಲಿ ನಾಲ್ಕೈದು ಸೆಕೆಂಡು ಹೋಯ್ತು. ಈಗಲೂ ಕೃಷ್ಣ ಆ ಪದ್ಯದ ಅರ್ಧದಿಂದ ಮುಂದಿನ ಸಾಲಿಗೆ ಹಾರಿಬಿಡುತ್ತಾನೆ. ಒಂಬೈನೂರು ಹೋದದ್ದು ಮರೆತಿದೆ. ಇದು ಮರೆತಿಲ್ಲ.

ಸಂಡೇ ಬಜಾರಿಗೆ ಹೋಗುವವರೇ, ಮಾತು ಎಷ್ಟೇ ಬೆಣ್ಣೆಯಾಗಿರಲಿ, ಕಿವಿಯನ್ನು ಜೊತೆಗೇ ಒಯ್ಯಿರಿ. ಅಪ್ಪನ ಕ್ಯಾಸೆಟ್ ಮನೆಯಲ್ಲಿರಲಿ.